ಫೋನಿಗೆ ಬೀಗ ಹಾಕಿದ ದಿನ

ಅಂದು ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ಹಾಲು ಕಾಯಿಸಿ, ಅತ್ತೆಗೆ ಚಹಾ ಕೊಟ್ಟು, ನನ್ನ ಫೋನಿನಲ್ಲಿ ಭಜನೆ ಹಚ್ಚಿ ಸಕ್ಕರೆ ಡಬ್ಬಿಗೆ ಆನಿಸಿಟ್ಟಿದ್ದೆ. ಗಂಗಾವತಿಯ ನಮ್ಮ ಮನೆಯಲ್ಲಿ ಅವರ ದಿನ ಶುರುವಾಗುವುದೇ ಹಾಗೆ. ನಾನು ಒಗ್ಗರಣೆ ಹಾಕುವ ಹೊತ್ತಿಗೆ ಭಜನೆಯ ನಡುವೆ ಟಿಣ್ ಎಂದಿತು.

"ಏನೋ ಬಂತು ನೋಡವ್ವ. ಹಾಡಿಗೆ ಅಡ್ಡ ಆತಂತ ಸರಿಸಿದೆ," ಎಂದರು ಅತ್ತೆ.

ಕೈ ಒರೆಸಿಕೊಂಡು ನೋಡಿದೆ. ನನ್ನ ಖಾತೆಯಿಂದ ಒಂದು ಗ್ಯಾಸ್ ಸಿಲಿಂಡರಿನ ಬೆಲೆಯಷ್ಟು ಹಣ ಹೋಗಿತ್ತು. ಯಾರಿಗೆ ಎಂಬಲ್ಲಿ ಇಂಗ್ಲಿಷಿನ ಮೂರು ಅಕ್ಷರ, ಮುಂದೆ ಬರೀ ಅಂಕಿಗಳು.

"ಅತ್ತಿ, ನೀವು ಏನರ ಒತ್ತಿದ್ರೇನ್ರಿ?"

"ನಾ ಏನ್ ಒತ್ತಲಿ? ಹಚ್ಚಿ ಕೊಟ್ಟಾಕಿ ನೀನ."

ಕರೆಗಳ ಪಟ್ಟಿ ತೆಗೆದೆ. ಹಿಂದಿನ ದಿನ ಮಧ್ಯಾಹ್ನ, ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ, ಗೊತ್ತಿಲ್ಲದ ನಂಬರಿನೊಂದಿಗೆ ನಾಲ್ಕು ನಿಮಿಷದ ಮಾತು.

"ಅದಾ? ತಾವರಗೇರಾದಾಕಿ ಯಾರೋ ತಪ್ಪಿ ಹಚ್ಚಿದ್ಲು. ನಿಮ್ಮ ಕಡೆ ಮಳಿ ಆತೇನವ್ವ ಅಂತ ಕೇಳ್ದೆ. ತೊಗರಿ ಛಲೋ ಅದಾವಂತ."

ತಪ್ಪಿ ಬಂದ ಕರೆಯಲ್ಲಿ ನಾಲ್ಕು ನಿಮಿಷ ತೊಗರಿಯ ಮಾತೇ? ಸಿಹಿಯಾಗಿ ಮಾತಾಡಿ ಅಂಕಿ ಕೇಳಿಕೊಂಡು ಖಾತೆ ಬರಿದು ಮಾಡುವವರ ಸುದ್ದಿ ದಿನಾ ಕೇಳುತ್ತಿದ್ದೆ. ಅತ್ತೆಯ ಹೆಬ್ಬೆರಳನ್ನೇ ನೋಡಿದೆ. ಅದು ಬಟ್ಟಲಿನ ಅಂಚನ್ನು ಸವರುತ್ತಿತ್ತು. ಹೆದರಿಕೆಯೋ ಅಭ್ಯಾಸವೋ ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಅವರೊಡನೆ ದನಿ ಏರಿಸಿದವಳಲ್ಲ, ಆಗಲೂ ಏರಿಸಲಿಲ್ಲ. ಸುಮ್ಮನೆ ಫೋನಿಗೆ ಲಾಕ್ ಹಾಕಿದೆ, ಅಂಕಿ ಕಾಣದಂತೆ ಸೆರಗು ಮರೆ ಮಾಡಿ. ಅತ್ತೆ ಅದನ್ನು ನೋಡಿದರು.

"ಹಾಡು ಸಾಕು ತಗೋ. ಕಿವಿ ನೋಯಾಕತ್ತಾವು," ಎಂದು ಗೋಡೆಯ ಕಡೆ ತಿರುಗಿ ಕುಳಿತರು.

ಹನ್ನೊಂದಕ್ಕೆ ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ ಎಲ್ಲಿ ಒತ್ತಬೇಕೆಂದು ಪೆನ್ನಿನ ತುದಿಯಿಂದ ತೋರಿಸಿದಳು. ಅವಳ ಮೇಲೂ ಅನುಮಾನವೇ. ಪಿನ್ ಒತ್ತುವಾಗ ಅಂಗೈ ಅಡ್ಡ ಹಿಡಿದೆ.

"ಇದು ಕಳವು ಅಲ್ರಿ ಮೇಡಂ, ಆಟೋಪೇ. ತಿಂಗಳಾ ರೊಕ್ಕ ತಾನ ಕಟ್ ಆಗತದ. ಹೋದ ತಿಂಗಳು ನೀವ ಪಿನ್ ಹಾಕಿ ಒಪ್ಪಿಗಿ ಕೊಟ್ಟೀರಿ. ಕ್ರೆಡಿಟ್ ಸ್ಕೋರ್ ತೋರಸೋ ಆ್ಯಪ್."

ಆಗ ನೆನಪಾಯಿತು. ಹೊಲಿಗೆ ಯಂತ್ರವನ್ನು ಕಂತಿನಲ್ಲಿ ಕೊಳ್ಳಲು ಹೋದಾಗ ಅಂಗಡಿಯವರು, ಸಾಲ ಸರಿಯಾಗಿ ತೀರಿಸುವವಳೋ ಎಂದು ನೋಡಲು, ಆ ಸ್ಕೋರ್ ಕೇಳಿದ್ದರು. ಪಕ್ಕದ ಮನೆಯಾಕೆಗೂ ಒಂದು ಯಂತ್ರ ಬೇಕಿತ್ತು. ಕಾನ್ವೆಂಟಿನಲ್ಲಿ ಓದಿದವಳೆಂದು ಇಬ್ಬರ ಫೋನಿಗೂ ಆ್ಯಪ್ ಹಾಕಿದವಳು ನಾನೇ. ಮೊದಲ ತಿಂಗಳು ಉಚಿತ, ಸದ್ಯಕ್ಕೆ ಒಂದೇ ರೂಪಾಯಿ. ಆ ದಪ್ಪ ಅಕ್ಷರ ಓದಿ, ಆಮೇಲೆ ತಿಂಗಳಿಗೆ ಎಷ್ಟೆಂಬ ಕೆಳಗಿನ ಸಣ್ಣ ಅಕ್ಷರ ಬಿಟ್ಟಿದ್ದೆ. ನಾಲ್ಕು ದಿನದ ಹಿಂದೆ, ಉಚಿತ ಅವಧಿ ಮುಗಿಯುತ್ತಿದೆ, ಬೇಡವಾದರೆ ರದ್ದು ಮಾಡಿ ಎಂಬ ಸಂದೇಶವೂ ಬಂದಿತ್ತು. ಅದರಲ್ಲಿ ಲಿಂಕ್ ಕಂಡು, ಇದು ಮೋಸಗಾರರದ್ದೇ ಎಂದು ಅಳಿಸಿ ಹಾಕಿದ್ದೆ. ಜಾಣೆ ಎಂದುಕೊಂಡೂ ಇದ್ದೆ.

ಮುಂದಿನ ತಿಂಗಳದ್ದನ್ನು ಆ ಹುಡುಗಿ ಅಲ್ಲೇ ರದ್ದು ಮಾಡಿಸಿದಳು. ಹೋದದ್ದನ್ನು ಕಂಪನಿಯವರನ್ನೇ ಕೇಳಬೇಕಂತೆ.

ಮನೆಗೆ ಬಂದು ಲಾಕ್ ತೆಗೆದು, ಭಜನೆ ಹಚ್ಚಿ ಅತ್ತೆಯ ಮುಂದಿಟ್ಟೆ. ತಪ್ಪು ನನ್ನದೆಂದು ಹೇಳಲು ಹೋಗಿ, "ಊಟಕ್ಕ ಬಡಸ್ಲೇನ್ರಿ?" ಎಂದೆ. ಅವರು ಹೂಂ ಎಂದರು, ಫೋನನ್ನು ಮುಟ್ಟಲಿಲ್ಲ.

ಸಂಜೆ ಪಕ್ಕದ ಮನೆಯಾಕೆ ಕರಿಬೇವಿಗೆ ಬಂದಳು. ಅವಳ ಹಣವೂ ಹೋಗಿರಬೇಕೆಂದು ಹಿಂಜರಿಯುತ್ತಲೇ ವಿಷಯ ಹೇಳಿದೆ. ಅವಳು ಎಲೆ ಕೀಳುವುದನ್ನು ನಿಲ್ಲಿಸಲಿಲ್ಲ.

"ನಂದು ಆಗ್ಲೆ ಬಂದ್ ಮಾಡಿಸೇನ್ರಿ. ಮೆಸೇಜ್ ಬಂದಿತ್ತಲ್ಲ, ರಿಚಾರ್ಜ್ ಅಂಗಡ್ಯಾಗ ತೋರಿಸಿದೆ. ನಿಮಗೂ ಹೇಳಾಕ ಬಂದಿದ್ದೆ, ನೀವು ಇರಲಿಲ್ಲ. 'ನಮ್ಮ ಸೊಸಿ ಎಲ್ಲಾ ಓದೇ ಒತ್ತತಾಳ, ಆಕಿಗೆ ನಾವೇನ್ ಹೇಳೂದು' ಅಂದ್ರು ನಿಮ್ಮ ಅತ್ತಿ. ಸುಮ್ನ ಹೋದೆ."