ಮೂಲೆ ಹರಿದ ಕಾಗದ

ಹೋದ ವಾರ ಪಕ್ಕದ ಬೀದಿಯವರು ಮದುವೆಗೆ ಕರೆಯಲು ಬಂದಿದ್ದರು. ಪತ್ರಿಕೆಯ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮದುವೆ ಯಾವತ್ತು ಎಂದು ಕೇಳುವುದನ್ನೂ ಮರೆತೆ. ನನ್ನ ಗೆಳತಿ ನೆನಪಾದಳು.

ನೆಲಮಂಗಲದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನನ್ನನ್ನು ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಕೊಟ್ಟರು, ಅವಳನ್ನು ತ್ಯಾಮಗೊಂಡ್ಲು ಕಡೆಯ ಹಳ್ಳಿಗೆ. ಬಸ್ಸು ಹತ್ತಿದರೆ ಹೋಗಿಬರಬಹುದಾದ ದೂರವೇ, ಆದರೆ ಹೊಸ ಸೊಸೆಯಂದಿರನ್ನು ಯಾರು ಕಳಿಸುತ್ತಾರೆ? ಹಾಗಾಗಿ ಕಾಗದ. ಮದುವೆ ಪತ್ರಿಕೆಗೆ ಹಚ್ಚುವಂತೆ ಅವಳು ಪ್ರತಿ ಕಾಗದದ ಮೂಲೆಗೂ ಅರಿಶಿನ ಹಚ್ಚುತ್ತಿದ್ದಳು. "ಏನಮ್ಮಾ, ನಿಮ್ ನೆಂಟರ ಮನೇಲಿ ತಿಂಗಳಿಗೆರಡು ಮದ್ವೆನಾ?" ಎಂದು ಪೋಸ್ಟ್‌ಮ್ಯಾನ್ ನಗುತ್ತಿದ್ದರು. ಒಳಗೆ "ಲೇ ಕೋತಿ" ಎಂದೇ ಶುರು. ಅತ್ತೆ ಮುದ್ದೆಯಲ್ಲಿ ಗಂಟು ಹುಡುಕಿದ್ದು, ಗಂಡ ನಿದ್ದೆಯಲ್ಲಿ ಹಸುವನ್ನು ಬೈದದ್ದು... ಜಾಗ ಸಾಲದೆ ಮಡಿಕೆಯ ಅಂಚಿನಲ್ಲೂ ಬರೆಯುತ್ತಿದ್ದಳು. ಮಗ್ಗದ ಸದ್ದಿನ ನಡುವೆ ನಾನೊಬ್ಬಳೇ ನಗುತ್ತಿದ್ದರೆ ಮನೆಯವರಿಗೆ ದಿಗಿಲು. ಅಂಥ ಸುಖ ಆ ಮನೆಯಲ್ಲಿ ನನಗೆ ಬೇರೆ ಯಾವುದರಿಂದಲೂ ಸಿಗಲಿಲ್ಲ.

ನಾನು ಬಸುರಿಯಾದ ವರ್ಷ ಅವಳ ಕಾಗದಗಳು ಗಿಡ್ಡವಾದವು. ಸಾಲುಗಳು ಕೊನೆಗೆ ಬರುತ್ತಾ ಕೆಳಕ್ಕೆ ಜಾರುತ್ತಿದ್ದವು. "ಸ್ವಲ್ಪ ಜ್ವರ ಕಣೇ, ಹೋಗುತ್ತೆ" ಎಂದಿದ್ದಳು. ಮುಂದಿನ ಕಾಗದದಲ್ಲೂ ಅದೇ ಜ್ವರ. ಯಾಕೋ ಓದಿ ಮಡಚಿದ್ದನ್ನು ಮತ್ತೆ ಬಿಚ್ಚಿ ಓದುತ್ತಿದ್ದೆ...

ನನಗೆ ದಿನ ತುಂಬುತ್ತಿದ್ದಾಗ ಒಂದು ಬೆಳಿಗ್ಗೆ ನನ್ನ ಅತ್ತೆ ಬೀದಿಯಲ್ಲಿ ಕೂಗಿಕೊಂಡರು. ಬಂದ ಕಾಗದದ ಮೂಲೆ ಹರಿದಿತ್ತು. ನಮ್ಮ ಕಡೆ ಸಾವಿನ ಸುದ್ದಿ ಬರುವುದು ಹಾಗೇ. ಅದನ್ನು ಹೊಸ್ತಿಲು ದಾಟಿಸುವುದಿಲ್ಲ, ಬೀದಿಯಲ್ಲೇ ಓದಿ ಹರಿದುಹಾಕುತ್ತಾರೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ, ಓದು ಬಾರದ ಅತ್ತೆ ಅದನ್ನು ಚೂರು ಮಾಡಿ ಚರಂಡಿಗೆ ಎಸೆದಿದ್ದರು.

"ಒಳಕ್ಕೋಗು! ಹೊಟ್ಟೇಲಿ ಕೂಸಿಟ್ಕೊಂಡು ಸಾವಿನ ಕಾಗದ ಓದ್ತಾರೇನೇ?"

ತೇಲಿಹೋಗುತ್ತಿದ್ದ ಒಂದು ಚೂರಿನಲ್ಲಿ ನನ್ನ ಹೆಸರು ಕಂಡಿತು. ಅವಳದೇ ಅಕ್ಷರ. ಅಬ್ಬಾ ಎಂದುಕೊಂಡೆ. ಬರೆದವಳು ಅವಳೇ ಎಂದಮೇಲೆ ಹೋದವಳು ಅವಳಲ್ಲ. ಅವಳ ಮಾವನಿಗೆ ವಯಸ್ಸಾಗಿತ್ತು, ಅವರೇ ಇರಬೇಕು.

ಸಮಾಧಾನ ಹೇಳಿ ಬರೆದೆ. ಉತ್ತರ ಬರಲಿಲ್ಲ. ಮಗಳು ಹುಟ್ಟಿದ್ದನ್ನು ಬರೆದೆ. ಅದಕ್ಕೂ ಇಲ್ಲ. ಪೋಸ್ಟ್‌ಮ್ಯಾನ್ ನಮ್ಮ ಬಾಗಿಲು ದಾಟುವಾಗ ಈಗ ತಲೆ ಎತ್ತುತ್ತಿರಲಿಲ್ಲ...

ಬಾಣಂತನ ಮುಗಿದದ್ದೇ ಮಗುವನ್ನು ಎತ್ತಿಕೊಂಡು ಹೋದೆ. ಅವಳ ಮಾವ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಹಾಗಾದರೆ ಹೋದವರು ಅವರಲ್ಲ. ಅವಳ ಗಂಡ ಹೊರಗೆ ಬಂದರು.

"ಕಾಗದ ಸಿಗಲಿಲ್ವಾ ಅಕ್ಕಾ? ಆಸ್ಪತ್ರೇಲೇ ಬರ್ದಿಟ್ಟಿದ್ಲು. 'ಬೇರೆಯವ್ರು ಬರೆದ್ರೆ ಅವಳು ಹೆದರ್ಕೋತಾಳೆ, ನಾನು ಹೋದ್ಮೇಲೆ ಇದ್ನೇ ಮೂಲೆ ಹರಿದು ಪೋಸ್ಟಿಗೆ ಹಾಕಿ' ಅಂದಿದ್ಲು."

"ಏನು ಬರ್ದಿದ್ಲು?"

"ಅಂಟಿಸ್ಬಿಟ್ಟಿದ್ಲು. ನಿಮಗೆ ಅಂತ ಬರ್ದಿದ್ದು, ನಾನು ಓದ್ಲಿಲ್ಲ."

ಅತ್ತೆಯೂ ಹೋಗಿ ವರ್ಷಗಳಾದವು, ಅವರ ಮೇಲಿನ ಸಿಟ್ಟು ಮಾತ್ರ ಹೋಗಿಲ್ಲ. ಆ ಕಾಗದದಲ್ಲಿ ಏನಿತ್ತೆಂದು ಇನ್ನು ಯಾರೂ ಹೇಳಲಾರರು. ಅದಕ್ಕಿಂತ ನೋಯಿಸುವುದು ಇನ್ನೊಂದಿದೆ. ಅದು ಚರಂಡಿ ಪಾಲಾದ ದಿನ, ಸದ್ಯ ಅವಳಲ್ಲವಲ್ಲ ಎಂದು, ನಾನು ಸ್ನಾನ ಮಾಡಿ ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ.