ಅಮಾವಾಸ್ಯೆಗೆ ಕಾಯದ ಸುದ್ದಿ

ಮೊಳಕಾಲ್ಮೂರಿನ ಬಸ್ ನಿಲ್ದಾಣದ ಎದುರಿಗೆ ಎರಡು ಕಂಪ್ಯೂಟರ್, ಒಂದು ಫೋನ್ ಲೈನ್ ಇಟ್ಟುಕೊಂಡು ಜೀನತ್ ಇಂಟರ್‌ನೆಟ್ ಸೆಂಟರ್ ತೆರೆದದ್ದು 2006ರಲ್ಲಿ. ಬಿ.ಎಸ್ಸಿ. ಓದಿದವಳು, ಯಾವುದನ್ನೂ ಅಂದಾಜಿನ ಮೇಲೆ ಹೇಳುವವಳಲ್ಲ. ಅಂಗಡಿ ತುಂಬುತ್ತಿದ್ದುದು ಅಮಾವಾಸ್ಯೆಯ ದಿನ. ಅವತ್ತು ಮಗ್ಗಗಳಿಗೆ ರಜೆ. ನೇಕಾರರು ಪೂಜೆ ಮುಗಿಸಿ ಇತ್ತ ಬರುತ್ತಿದ್ದರು.

ಅವರಲ್ಲಿ ಜಂಬುಲಿಂಗಪ್ಪನದು ಒಂದೇ ಹಂಬಲ. ಇಪ್ಪತ್ತು ವರ್ಷ ರೇಷ್ಮೆ ಸೀರೆ ನೇಯ್ದರೂ ಅದನ್ನು ಉಡುವವರ ಮುಖ ಕಂಡವನಲ್ಲ. ಮೈಸೂರಿನ ಕೈಮಗ್ಗ ಮೇಳದಲ್ಲಿ ಮಳಿಗೆ ಹಿಡಿದು, ತಾನೇ ಸೀರೆ ಬಿಡಿಸಿ ತೋರಿಸಬೇಕು. ಅರ್ಜಿ ಕರೆಯುವ ಸುದ್ದಿ ಕೈಮಗ್ಗ ಇಲಾಖೆಯ ಜಾಲತಾಣದಲ್ಲಿ ಬರುತ್ತಿತ್ತು. ಇವನ ಕಿವಿಗೆ ಬೀಳುವಷ್ಟರಲ್ಲಿ ಗಡುವು ಮುಗಿದಿರುತ್ತಿತ್ತು. ಎರಡು ವರ್ಷ ಹೀಗೇ ಆಗಿತ್ತು.

ಮೂರನೇ ವರ್ಷ ಜೀನತ್ ಆ ತಾಣದ ಮೂಲೆಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ಚೌಕವೊಂದನ್ನು ಕಂಡಳು. ಅದನ್ನು ಒತ್ತಿ ಚಂದಾದಾರರಾದರೆ ಹೊಸ ತಲೆಬರಹಗಳೆಲ್ಲ ಫೀಡ್ ರೀಡರ್ ಎಂಬ ಒಂದೇ ಕಡೆಗೆ ಬಂದು ಸೇರುತ್ತವೆ. ಹತ್ತು ತಾಣಗಳನ್ನು ಒಂದೊಂದಾಗಿ ತಡಕಬೇಕಿಲ್ಲ.

"ಪೇಪರ್‌ನೋನು ಬಾಗ್ಲಿಗೆ ಎಸೆದು ಹೋದಂಗಾ?" ಎಂದ ಜಂಬುಲಿಂಗಪ್ಪ.

"ಹಂಗೇ ಅಣ್ಣಾ. ನೀವು ಅಮಾಸೆಗೆ ಬರ್ರಿ ಸಾಕು, ಎಲ್ಲಾ ಬಿದ್ದಿರ್ತೈತೆ."

ಮುಂದಿನ ಅಮಾವಾಸ್ಯೆಗೆ ರೀಡರ್ ತೆರೆದಾಗ ಇಲಾಖೆಯ ತಾಣದಿಂದ ಹತ್ತು ತಲೆಬರಹ ಬಂದವು. ಮಳಿಗೆಯ ಮಾತಿಲ್ಲ.

"ನಿನ್ನ ಪೇಪರ್‌ನೋನಿಗೂ ನಮ್ಮೂರು ದೂರ ಬಿಡವ್ವಾ," ಎನ್ನುತ್ತ ಅವನು ಎದ್ದ.

ಜೀನತ್ ತಾರೀಕು ನೋಡುತ್ತಿದ್ದಳು. ಎಲ್ಲಕ್ಕಿಂತ ಹಳೆಯದು ಆರು ದಿನದ ಹಿಂದಿನದು. ಅದಕ್ಕೂ ಹಿಂದೆ ಮೂರು ವಾರ ತಾಣ ಮೂಕವಾಗಿತ್ತೇ? ಬೇರೆ ತಾಣಗಳ ಫೀಡ್ ಎಣಿಸಿದಳು. ಅಲ್ಲೂ ಹತ್ತೇ. ಫೀಡಿನಲ್ಲಿ ಉಳಿಯುವುದು ಕೊನೆಯ ಹತ್ತು ಮಾತ್ರ; ಹನ್ನೊಂದನೆಯದು ಬಂದರೆ ಮೊದಲನೆಯದು ಉದುರುತ್ತದೆ. ದಿನಾ ಎತ್ತಿಕೊಳ್ಳದಿದ್ದರೆ ಹೋಯಿತು.

"ಕೂತ್ಕಳ್ರಿ ಅಣ್ಣಾ. ತಪ್ಪು ಅವನ್ದಲ್ಲ, ನಂದು."

ತಾಣದ ಹಳೆಯ ಪುಟಗಳನ್ನು ಕೆದಕಿದಾಗ ಸೂಚನೆ ಸಿಕ್ಕಿತು. ಕಡೆಯ ದಿನ ಅಂದೇ, ಸಂಜೆ ಐದಕ್ಕೆ. ಆಗ ಒಂದೂವರೆ. ಅರ್ಜಿಗೆ ಸಹಿ ಹಾಕಿ ಫ್ಯಾಕ್ಸ್ ಮಾಡಬೇಕು. ಫ್ಯಾಕ್ಸ್ ಯಂತ್ರ ಇದ್ದದ್ದು ಚಳ್ಳಕೆರೆಯಲ್ಲಿ, ಅವಳ ಚಿಕ್ಕಪ್ಪ ಖುದ್ದೂಸ್‌ನ ಅಂಗಡಿಯಲ್ಲಿ.

"ಅಮಾಸೆ ದಿನ ಹೊಸ ಕೆಲ್ಸಕ್ಕೆ ಸಹಿ ಹಾಕ್ತಾರೇನವ್ವಾ?"

"ನಾಳೆ ಹಾಕಿದ್ರೆ ನೋಡೋರಿಲ್ಲ."

ಅವನು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡ. "ಎಲ್ಲಿ ಹಾಕ್ಬೇಕು, ತೋರ್ಸು."

ಅವನು ಬಸ್ ಹತ್ತಿದ ಮೇಲೆ ಜೀನತ್ ಇಂಟರ್‌ನೆಟ್ ಕಡಿದಳು. ಇದ್ದೊಂದು ಲೈನ್ ಅವನ ಫೋನಿಗೆ ಖಾಲಿ ಇರಬೇಕಿತ್ತು. "ಒಬ್ಬನ ಸೀರೆಗೆ ಊರೆಲ್ಲಾ ಕಾಯ್ಬೇಕಾ?" ಎಂದು ಗೊಣಗಿದ, ಸರದಿಗೆ ಕಾದಿದ್ದ ನೇಕಾರ ಪಾತಣ್ಣನೂ ಎದ್ದು ಹೋಗಲಿಲ್ಲ.

ನಾಲ್ಕೂಕಾಲಿಗೆ ಫೋನ್ ಬಂತು. "ಫ್ಯಾಕ್ಸ್ ಹೋತವ್ವಾ. ನಿಮ್ಮ ಚಿಕ್ಕಪ್ಪ ಚಾ ಬ್ಯಾರೆ ಕುಡಿಸಿದ್ರು."

ಮರುದಿನದಿಂದ ಜೀನತ್ ಬೀಗ ತೆಗೆದವಳೇ ಮೊದಲು ರೀಡರ್ ತೆರೆಯುತ್ತಿದ್ದಳು. ಒಂಬತ್ತನೇ ದಿನ ಬೆಳಿಗ್ಗೆ ಮಳಿಗೆಗಳ ಪಟ್ಟಿ ಬಂತು. ಅದನ್ನು ಎರಡು ಸಲ ಓದಿ, ಅವನ ಮನೆಗೇ ನಡೆದಳು.

ಜಂಬುಲಿಂಗಪ್ಪ ಮಗ್ಗದ ಲಾಳಿ ನಿಲ್ಲಿಸದೆ, "ಇವತ್ತೂ ಇಲ್ವಾ?" ಎಂದ.

"ನಿಮ್ದು ನಲವತ್ತೊಂದನೇ ಮಳಿಗೆ ಅಣ್ಣಾ."

ಲಾಳಿ ನಿಂತಿತು.