ಕಾಡೆಮ್ಮೆ ನೋಡದ ಮಗಳು

“ಮಾತಿನ ಮಧ್ಯೆ ಎದ್ದು ಹೋಗ್ತಾಳಾ?” ಎಂದು ಮಗಳ ಬಗ್ಗೆ ಕೇಳುತ್ತಿದ್ದ ಡಾಕ್ಟರು, ಮಾತಿನ ಮಧ್ಯೆ ತಾವೇ ಎದ್ದು ಕಿಟಕಿಗೆ ಓಡಿದರು. ನೀಲಗಿರಿಯ ಕೂನೂರಿನಲ್ಲಿ, ಮಕ್ಕಳ ಮನೋವೈದ್ಯರಾದ ಅವರ ಕ್ಲಿನಿಕ್ಕಿನ ಅಂಗಳಕ್ಕೆ ಕಾಡೆಮ್ಮೆಯೊಂದು ಬಂದು ನಮ್ಮ ಜೀಪಿಗೆ ಮೈ ಉಜ್ಜುತ್ತಿತ್ತು. ನಾನು, ಯಜಮಾನರು, ನರ್ಸಮ್ಮ ಎಲ್ಲರೂ ಕಿಟಕಿಗೆ ಮುಗಿಬಿದ್ದೆವು. ಡಾಕ್ಟರು ವಿಡಿಯೊ ಮಾಡತೊಡಗಿದರು.

ಅದು ಟೀ ತೋಟಕ್ಕೆ ಇಳಿದ ಮೇಲೆ ತಿರುಗಿ ನೋಡಿದರೆ, ಶಾಲೆಯಲ್ಲಿ ಎರಡು ಸಾಲು ಬರೆಯಲೂ ಕೂರದ ನನ್ನ ಎಂಟು ವರ್ಷದ ಮಗಳು ಕುರ್ಚಿ ಬಿಟ್ಟು ಕದಲಿರಲಿಲ್ಲ. ಡಾಕ್ಟರ ಮೇಜಿನ ಗಡಿಯಾರವನ್ನು ಪೂರ್ತಿ ಬಿಚ್ಚಿಟ್ಟಿದ್ದಳು.

“ಕಾಡೆಮ್ಮೆ ದಿನಾ ನೋಡ್ತೀನಮ್ಮಾ, ಗಡಿಯಾರದ ಒಳಗೆ ನೋಡಿರ್ಲಿಲ್ಲ,” ಎಂದಳು ತಲೆ ಎತ್ತದೆ.

“ನೋಡಿ, ಇವಳಿಗೇನೂ ಇಲ್ಲ!” ಎಂದು ಯಜಮಾನರು ಗೆದ್ದವರಂತೆ ಹೊರಡಲು ಎದ್ದರು.

“ಕೂತ್ಕೊಳ್ಳಿ ಸಾರ್. ಗಮನ ಇಲ್ಲ ಅಂತಲ್ಲ, ಅದನ್ನ ಬೇಕಾದ ಕಡೆ ನಿಲ್ಲಿಸೋದು ಅವಳ ಕೈಲಿಲ್ಲ. ಇದು ಹಟ ಅಲ್ಲ,” ಎಂದರು ಡಾಕ್ಟರು, ಗಡಿಯಾರದ ಮುಳ್ಳನ್ನು ಕೈಯಲ್ಲಿ ಹಿಡಿದುಕೊಂಡೇ. ಟೀಚರನ್ನೂ ವಿಚಾರಿಸಿ, ಇನ್ನೆರಡು ಭೇಟಿಯ ನಂತರ ಇದು ಎಡಿಎಚ್‌ಡಿ ಎಂಬ ಗಮನದ ತೊಂದರೆ ಎಂದು ಖಚಿತಪಡಿಸಿದರು. ಮೊದಲು ತಂದೆತಾಯಿಗೆ ತರಬೇತಿ, ಜೊತೆಗೆ ಪಾಠವನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಡುವುದು, ಅದು ಸಾಲದಿದ್ದರೆ ಮಾತ್ರೆ ಎಂದು ವಿವರಿಸಿದರು.

ಈಗ ಬರೆಯುವಾಗ ನಡುನಡುವೆ ಅಂಗಳಕ್ಕೆ ಓಡಲು ಅವಳಿಗೆ ಬಿಡುವಿದೆ. ನಾನು ಕೂಗಿ ಕರೆಯುವುದಿಲ್ಲ. ತಾನಾಗಿಯೇ ವಾಪಸ್ ಬಂದು ಅವಳು ಕುರ್ಚಿ ಎಳೆದುಕೊಳ್ಳುವ ಸದ್ದಿಗಾಗಿ ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿರುತ್ತೇನೆ.